ಹತ್ತು ಸಲ ಗಂಟೆ ಬಾರಿಸುವವರಿಗೆ ಒಂದು ಬಹಿರಂಗ ಪತ್ರ

ಅಮೆರಿಕದ ವೃತ್ತಿಪರ ಕುಸ್ತಿ ಕಂಪನಿಗಳ ಮಾಲೀಕರಿಗೆ, ಅಧ್ಯಕ್ಷರಿಗೆ ಮತ್ತು ಆಡಳಿತ ಮಂಡಳಿಯ ಸದಸ್ಯರಿಗೆ,

ಮಾನ್ಯರೇ,

ನಮಸ್ಕಾರ. ನಾನು ನಿಮ್ಮ ಹಳೆಯ ಪ್ರೇಕ್ಷಕ. ನಿಮ್ಮಲ್ಲಿ ಕೆಲವರು ಈ ವ್ಯವಹಾರಕ್ಕೆ ಕಾಲಿಡುವ ಮುಂಚಿನಿಂದಲೂ ಕುಸ್ತಿ ನೋಡುತ್ತಾ ಬಂದವನು. ಇಷ್ಟು ವರ್ಷಗಳಲ್ಲಿ ನಿಮಗೆ ಒಂದು ದೂರನ್ನೂ ಬರೆದಿಲ್ಲ. ಕಥೆ ಕೆಟ್ಟದಾಗಿದ್ದಾಗ ಟಿವಿ ಆರಿಸಿ ಮಲಗಿದ್ದೇನೆ, ಅಷ್ಟೇ. ಈಗ ಬರೆಯುತ್ತಿರುವುದು ಕಥೆಯ ಬಗ್ಗೆ ಅಲ್ಲ. ನೀವು ಬಳಸುವ ಒಂದು ಪದದ ಬಗ್ಗೆ.

2023ರ ಆಗಸ್ಟ್ 23ರಂದು ಹಳೆಯ ಕುಸ್ತಿಪಟು ಟೆರಿ ಫಂಕ್ ತೀರಿಕೊಂಡರು. ವಯಸ್ಸು 79. ಮರುದಿನವೇ ಬ್ರೇ ವ್ಯಾಟ್ ಹೋದರು, ಬರೀ 36ಕ್ಕೆ. ಆ ವಾರ, ಸತ್ತವರಿಗೆ ಗೌರವ ಅಂತ, ರಿಂಗಿನ ಗಂಟೆ ಹತ್ತು ಸಲ ಬಾರಿಸಿತು. ನಾನೂ ಟಿವಿ ಮುಂದೆ ಎದ್ದು ನಿಂತೆ. ಮನೆಯವರು ಮುಖ ಮುಖ ನೋಡಿಕೊಂಡರು, ಪರವಾಗಿಲ್ಲ. ಅದಾದ ಮೇಲೆ ಓಲೆ ಆಂಡರ್ಸನ್ ಹೋದರು. ಸಿಕಾ ಮತ್ತು ಅಫಾ, ಅಣ್ಣತಮ್ಮಂದಿರಿಬ್ಬರೂ ಒಂದೇ ಬೇಸಿಗೆಯಲ್ಲಿ ಹೋದರು. ಕೆವಿನ್ ಸಲಿವನ್, ಸಿಡ್, ಸಾಬು. 2025ರ ಜುಲೈಯಲ್ಲಿ ಹಲ್ಕ್ ಹೋಗನ್. ನಾನು ಹುಡುಗನಾಗಿದ್ದಾಗ ನೋಡಿದ ಮುಖಗಳಲ್ಲಿ ಇನ್ನು ಉಳಿದವರನ್ನು ಬೆರಳಲ್ಲಿ ಎಣಿಸಬಹುದು.

ಪ್ರತಿ ಸಾವಿಗೂ ನೀವು ಒಂದು ವಿಡಿಯೊ ಮಾಡುತ್ತೀರಿ. ಮೂರು ನಿಮಿಷ, ಹಿಂದೆ ಪಿಯಾನೊ, ಕೊನೆಗೆ ಕಪ್ಪು-ಬಿಳುಪು ಫೋಟೊ. ಅದರ ಜೊತೆಗೆ ನಿಮ್ಮ ನಿರೂಪಕರ ಬಾಯಲ್ಲಿ ಆ ಪದ ಬರುತ್ತದೆ: ಕುಟುಂಬ. ನಮ್ಮ ಕುಟುಂಬದ ಒಬ್ಬರನ್ನು ಕಳೆದುಕೊಂಡೆವು ಅಂತ.

ಕುಸ್ತಿಯಲ್ಲಿ ಅದು ಸುಳ್ಳು ಪದವಲ್ಲ. ಟೆರಿ ಫಂಕ್ ತಂದೆ ಡೋರಿ ಫಂಕ್ ಸೀನಿಯರ್ ಟೆಕ್ಸಸ್‌ನ ಅಮರಿಲೊದಲ್ಲಿ ಕುಸ್ತಿಪಟು, ಪ್ರಮೋಟರ್ (ಪಂದ್ಯ ಏರ್ಪಡಿಸುವವರು) ಎರಡೂ ಆಗಿದ್ದವರು. ಅಣ್ಣ ಡೋರಿ ಜೂನಿಯರ್ 1969ರಿಂದ 1973ರವರೆಗೆ ಎನ್‌ಡಬ್ಲ್ಯೂಎ (ಹಲವು ಪ್ರದೇಶಗಳ ಪ್ರಮೋಟರ್‌ಗಳ ಒಕ್ಕೂಟ) ವಿಶ್ವ ಚಾಂಪಿಯನ್. 1975ರ ಡಿಸೆಂಬರ್‌ನಲ್ಲಿ ತಮ್ಮ ಟೆರಿ ಮಯಾಮಿ ಬೀಚ್‌ನಲ್ಲಿ ಜ್ಯಾಕ್ ಬ್ರಿಸ್ಕೊನನ್ನು ಸೋಲಿಸಿ ಅದೇ ಬೆಲ್ಟ್ ಕಟ್ಟಿಕೊಂಡ. ಆ ಪಟ್ಟ ಗೆದ್ದ ಅಣ್ಣತಮ್ಮಂದಿರು ಅವರಿಬ್ಬರೇ. ಬ್ರೇ ವ್ಯಾಟ್‌ನದೂ ಅಂಥದೇ ಮನೆ. ಅಜ್ಜ ಬ್ಲ್ಯಾಕ್‌ಜ್ಯಾಕ್ ಮಲಿಗನ್, ಅಪ್ಪ ಮೈಕ್ ರೊಟುಂಡೊ, ಸೋದರಮಾವ ಬ್ಯಾರಿ ವಿಂಡಮ್. 1985ರ ಮಾರ್ಚ್ 31ರಂದು, ಮೊದಲ ರೆಸಲ್‌ಮೇನಿಯಾದಲ್ಲಿ (ವರ್ಷಕ್ಕೊಮ್ಮೆ ನಡೆಯುವ ದೊಡ್ಡ ಕುಸ್ತಿ ಮೇಳ), ಆ ಅಪ್ಪ ಮತ್ತು ಸೋದರಮಾವ ಟ್ಯಾಗ್ ಟೀಮ್ ಪಟ್ಟ ಕಳೆದುಕೊಂಡದ್ದು ಐರನ್ ಶೇಖ್ ಮತ್ತು ನಿಕೊಲಾಯ್ ವೋಲ್ಕಾಫ್‌ಗೆ. ನಮ್ಮಂಥವರಿಗೆ ಇದೆಲ್ಲ ಬಂಧುಗಳ ಮದುವೆ-ಮುಂಜಿ ಇದ್ದ ಹಾಗೆ, ನೆನಪಲ್ಲೇ ಇರುತ್ತದೆ.

ಹಾಗಾಗಿ ನನ್ನ ತಕರಾರು ನೀವು ಆ ಪದ ಬಳಸುತ್ತೀರಿ ಅನ್ನುವುದಲ್ಲ. ಅದನ್ನು ಸತ್ತ ಮೇಲೆ ಮಾತ್ರ ಬಳಸುತ್ತೀರಿ ಅನ್ನುವುದು.

ಮೊದಲು ಟೆರಿ ಫಂಕ್ ಬಗ್ಗೆ ಸ್ವಲ್ಪ ಹೇಳಬೇಕು, ಯಾಕೆಂದರೆ ನಿಮ್ಮ ಮೂರು ನಿಮಿಷದಲ್ಲಿ ಅವರ ಬದುಕು ಹಿಡಿಯಲಿಲ್ಲ. ನಿಮ್ಮ ಇಂದಿನ ವೀಕ್ಷಕರಿಗೆ 'ಟೆರಿಟರಿ' ಅಂದರೆ ಗೊತ್ತಿರಲಿಕ್ಕಿಲ್ಲ. ಆಗ ಅಮೆರಿಕದ ಕುಸ್ತಿ ಹಂಚಿಕೊಂಡ ಹೊಲದ ಹಾಗಿತ್ತು. ಮಿನಿಯಾಪೊಲಿಸ್ ವರ್ನ್ ಗಾನ್ಯಾ ಕೈಯಲ್ಲಿ, ಫ್ಲಾರಿಡಾ ಎಡ್ಡಿ ಗ್ರಹಾಂ ಕೈಯಲ್ಲಿ, ಕೆರೊಲಿನಾಗಳು ಕ್ರಾಕೆಟ್ ಮನೆತನದ ಕೈಯಲ್ಲಿ. ಒಬ್ಬರ ಗಡಿಯೊಳಗೆ ಇನ್ನೊಬ್ಬರು ಕಾಲಿಡುವಂತಿರಲಿಲ್ಲ. ಎನ್‌ಡಬ್ಲ್ಯೂಎ ಚಾಂಪಿಯನ್ ಆ ಒಕ್ಕೂಟದೊಳಗಿನ ಗಡಿಗಳನ್ನು ದಾಟಿ ಊರೂರು ತಿರುಗುವವನು. ಅವನ ಕೆಲಸ ಗೆಲ್ಲುವುದಲ್ಲ. ಆ ಊರಿನ ಹೀರೊ 'ಇನ್ನೊಂದು ನಿಮಿಷ ಸಿಕ್ಕಿದ್ದರೆ ಗೆದ್ದೇಬಿಡುತ್ತಿದ್ದ' ಅಂತ ಜನ ನಂಬಿ ಮನೆಗೆ ಹೋಗುವ ಹಾಗೆ ಮಾಡುವುದು. ಚಾಂಪಿಯನ್ ಬೆಲ್ಟ್ ಎತ್ತಿಕೊಂಡು ಮುಂದಿನ ಊರಿಗೆ ಹೊರಡುತ್ತಾನೆ. ಹೀರೊಗೆ ಮುಂದಿನ ಆರು ತಿಂಗಳು ಟಿಕೆಟ್ ಮಾರಾಟವಾಗುತ್ತದೆ. ಟೆರಿ ಫಂಕ್ ಹದಿನಾಲ್ಕು ತಿಂಗಳು ಈ ಕೆಲಸ ಮಾಡಿದರು, 1977ರ ಫೆಬ್ರುವರಿಯಲ್ಲಿ ಟೊರಾಂಟೊದಲ್ಲಿ ಹಾರ್ಲಿ ರೇಸ್‌ಗೆ ಸೋಲುವವರೆಗೆ. ಇಡೀ ಜೀವನ ಅವರು ಮಾಡಿದ್ದೂ ಅದನ್ನೇ, ತಾನು ಬಿದ್ದು ಇನ್ನೊಬ್ಬನನ್ನು ಎತ್ತುವುದು.

1989ರ ಮೇ ತಿಂಗಳು ನ್ಯಾಶ್‌ವಿಲ್‌ನಲ್ಲಿ ರಿಕ್ ಫ್ಲೇರ್ ಮತ್ತು ರಿಕಿ ಸ್ಟೀಮ್‌ಬೋಟ್ ಪಂದ್ಯಕ್ಕೆ ಫಂಕ್ ತೀರ್ಪುಗಾರರಲ್ಲಿ ಒಬ್ಬರಾಗಿ ಕೂತಿದ್ದರು. ಪಂದ್ಯ ಮುಗಿದ ಮೇಲೆ ಬಂದು ಫ್ಲೇರ್‌ಗೆ ಕೈ ಕುಲುಕಿದರು, ಪಟ್ಟಕ್ಕಾಗಿ ಆಡಲು ಒಂದು ಅವಕಾಶ ಕೇಳಿದರು. ಫ್ಲೇರ್ ಒಪ್ಪಲಿಲ್ಲ. ಆಗ ಫಂಕ್ ಅವನನ್ನು ಮೇಜಿನ ಮೇಲೆ ತಲೆಕೆಳಗಾಗಿ ಕುಕ್ಕಿದ ರೀತಿ ಇದೆಯಲ್ಲ, ಅದನ್ನು ನೋಡಿದ ಯಾರೂ ಮರೆತಿಲ್ಲ. ಅದೇ ವರ್ಷ ನವೆಂಬರ್‌ನಲ್ಲಿ, ನ್ಯೂಯಾರ್ಕ್ ರಾಜ್ಯದ ಟ್ರಾಯ್‌ನಲ್ಲಿ, ಇಬ್ಬರ 'ಐ ಕ್ವಿಟ್' ಪಂದ್ಯ. ಸೋತವನು ತನ್ನ ಬಾಯಿಂದಲೇ 'ಸೋತೆ' ಅನ್ನಬೇಕು. ಫಂಕ್ ಅಂದರು. ಸೋತರೆ ಕೈ ಕುಲುಕುತ್ತೇನೆ ಅಂತ ಮೊದಲೇ ಮಾತು ಕೊಟ್ಟಿದ್ದರು. ಖಳನಾಯಕ ಮಾತು ಉಳಿಸಿಕೊಂಡು ಕೈ ಕುಲುಕಿದ. ನನಗೆ ಆ ಇಡೀ ಪಂದ್ಯಕ್ಕಿಂತ ಆ ಕೈ ಕುಲುಕಿದ್ದೇ ಜಾಸ್ತಿ ನೆನಪಿದೆ.

ಅವರ 'ನಿವೃತ್ತಿ' ನಮ್ಮಲ್ಲಿ ಒಂದು ತಮಾಷೆಯಾಗಿತ್ತು. 1983ರಲ್ಲಿ ಜಪಾನ್‌ನಲ್ಲಿ ಅಭಿಮಾನಿಗಳು ಗೊಳೋ ಅಂತ ಅಳುತ್ತಾ ಬೀಳ್ಕೊಟ್ಟರು. ಮುಂದಿನ ವರ್ಷವೇ ಹಾಜರ್. 1995ರ ಆಗಸ್ಟ್‌ನಲ್ಲಿ ಕವಾಸಾಕಿಯ ಸ್ಟೇಡಿಯಂನಲ್ಲಿ, ಮುಳ್ಳುತಂತಿ ಮತ್ತು ಸ್ಫೋಟಕಗಳ ನಡುವೆ, ತನಗಿಂತ ಇಪ್ಪತ್ತೊಂದು ವರ್ಷ ಚಿಕ್ಕವನಾದ ಮಿಕ್ ಫೋಲಿ ಜೊತೆ ಫೈನಲ್ ಆಡಿ ಸೋತರು. ಆಗ ಅವರಿಗೆ 51. 1997ರ ಏಪ್ರಿಲ್‌ನಲ್ಲಿ ಇಸಿಡಬ್ಲ್ಯೂ ಎಂಬ ಕಂಪನಿಯ ಮೊದಲ ಪೇ-ಪರ್-ವ್ಯೂ (ಹಣ ಕೊಟ್ಟು ಟಿವಿಯಲ್ಲಿ ನೋಡುವ ಪ್ರದರ್ಶನ) ನಡೆಯಿತು. ಒಂದೇ ರಾತ್ರಿ ಎರಡು ಪಂದ್ಯ ಗೆದ್ದು 52ನೇ ವಯಸ್ಸಿನಲ್ಲಿ ಚಾಂಪಿಯನ್ ಆದರು. ಮೊಣಕಾಲು ಹೋಗಿತ್ತು, ನಡಿಗೆ ಓಲಾಡುತ್ತಿತ್ತು. ಆದರೂ ಮೇಲಿನ ಹಗ್ಗ ಹತ್ತಿ ಹಿಂದಕ್ಕೆ ಪಲ್ಟಿ ಹೊಡೆಯುತ್ತಿದ್ದರು. ಕೆಲವೊಮ್ಮೆ ಎದುರಾಳಿಯ ಮೇಲೆ ಬೀಳುತ್ತಿದ್ದರು, ಕೆಲವೊಮ್ಮೆ ಪಕ್ಕದಲ್ಲಿ.

ಸುಮ್ನೆ ಒಪ್ಪಿಕೊಂಡುಬಿಡುತ್ತೇನೆ, ನಾವೂ ಇದರಲ್ಲಿ ಪಾಲುದಾರರು. ಆ ಪಲ್ಟಿಗೆ ಕೂಗಿದವರು ನಾವು. ತಲೆಗೆ ಕುರ್ಚಿ ಬಿದ್ದಾಗ 'ಇನ್ನೊಂದು ಸಲ' ಅಂತ ಅರಚಿದವರೂ ನಾವೇ. 2021ರಲ್ಲಿ ಫಂಕ್ ಮರೆವಿನ ಕಾಯಿಲೆಯಿಂದ ಆರೈಕೆ ಕೇಂದ್ರದಲ್ಲಿದ್ದಾರೆ ಅಂತ ಸುದ್ದಿ ಬಂತು. ಅವತ್ತು ನಾನು ಆ ಹಳೆಯ ಟೇಪುಗಳಲ್ಲಿ ಯಾವುದನ್ನೂ ಹಾಕಿ ನೋಡಲಿಲ್ಲ. ಕಾರಣ ಇದೇ ಅಂತ ನಾನು ಹೇಳುತ್ತಿಲ್ಲ, ನಾನು ವೈದ್ಯನಲ್ಲ. ನೋಡಲು ಮನಸ್ಸಾಗಲಿಲ್ಲ, ಅಷ್ಟೇ.

'ಅದೆಲ್ಲ ನಾಟಕ ಅಲ್ವಾ?' ಅಂತ ಜನ ಕೇಳುತ್ತಾರೆ. ನಲವತ್ತು ವರ್ಷದಿಂದ ಕೇಳಿಸಿಕೊಂಡ ಪ್ರಶ್ನೆ. ಫಲಿತಾಂಶ ಮೊದಲೇ ನಿಗದಿ, ಹೌದು. ಆದರೆ ರಿಂಗ್ ಅಂದರೆ ಏನು? ಉಕ್ಕಿನ ಚೌಕಟ್ಟು, ಅದರ ಮೇಲೆ ಮರದ ಹಲಗೆ, ತೆಳುವಾದ ಫೋಮ್, ಮೇಲೊಂದು ಕ್ಯಾನ್ವಾಸ್. ಅದರ ಮೇಲೆ ಬೀಳುವುದಕ್ಕೆ ಅವರ ಭಾಷೆಯಲ್ಲಿ 'ಬಂಪ್' ಅನ್ನುತ್ತಾರೆ. ಗದ್ದ ಎದೆಗೆ ಒತ್ತಿಕೊಂಡು, ಉಸಿರು ಹೊರಗೆ ಬಿಟ್ಟು, ಎರಡೂ ತೋಳು ಚಪ್ಪಟೆಯಾಗಿ ಬಡಿಯಬೇಕು. ಹಾಗೆ ಬಿದ್ದರೆ ಪೆಟ್ಟು ಮೈತುಂಬ ಹಂಚಿಹೋಗುತ್ತದೆ. ಹಂಚಿಹೋಗುತ್ತದೆ ಅಂದೆ, ಮಾಯವಾಗುತ್ತದೆ ಅನ್ನಲಿಲ್ಲ. ರಕ್ತ ಬರಿಸಲು ಬೆರಳಿನ ಪಟ್ಟಿಯಲ್ಲಿ ಬ್ಲೇಡಿನ ಚೂರು ಬಚ್ಚಿಟ್ಟುಕೊಳ್ಳುತ್ತಿದ್ದರು. ಆ ಕಾಲದ ಕುಸ್ತಿಪಟು ಡಸ್ಟಿ ರೋಡ್ಸ್ ಹಣೆ ನೋಡಿ. ಆ ಗೀರುಗಳನ್ನು ಯಾವ ಮೇಕಪ್ ಕಲಾವಿದನೂ ಬರೆದದ್ದಲ್ಲ.

ಆ ತಲೆಮಾರಿನವರು ಈ ಗುಟ್ಟನ್ನು ಕಾಪಾಡಿದ ರೀತಿ ಈಗ ಕೇಳಿದರೆ ನಗು ಬರುತ್ತದೆ, ಆಮೇಲೆ ಗಂಟಲು ಕಟ್ಟುತ್ತದೆ. 'ಕೇಫೇಬ್', ಅಂದರೆ ಆಟದ ಗುಟ್ಟು ಹೊರಗೆ ಬಿಡದೆ ಇರುವುದು, ಅವರಿಗೆ ಧರ್ಮ. 1975ರ ಅಕ್ಟೋಬರ್ 4ರಂದು ನಾರ್ತ್ ಕೆರೊಲಿನಾದ ವಿಲ್ಮಿಂಗ್ಟನ್ ಹತ್ತಿರ ಒಂದು ಸಣ್ಣ ವಿಮಾನ ಬಿತ್ತು. ಅದರಲ್ಲಿ ಜಾನಿ ವ್ಯಾಲೆಂಟೈನ್ ಇದ್ದರು, ಅವರ ಕುಸ್ತಿ ಅಲ್ಲಿಗೇ ಮುಗಿಯಿತು. ಆಗಿನ್ನೂ ಹುಡುಗನಾಗಿದ್ದ ರಿಕ್ ಫ್ಲೇರ್ ಇದ್ದ, ಬೆನ್ನು ಮುರಿಯಿತು. ಇವರೆಲ್ಲ ರಿಂಗಿನಲ್ಲಿ ಕೆಟ್ಟವರು. ಅದೇ ವಿಮಾನದಲ್ಲಿ ಒಳ್ಳೆಯವನೂ ಒಬ್ಬನಿದ್ದ, ಟಿಮ್ ವುಡ್ಸ್. ಒಳ್ಳೆಯವನು ಕೆಟ್ಟವರ ಜೊತೆ ಒಂದೇ ವಿಮಾನದಲ್ಲಿ ಹೋಗುತ್ತಿದ್ದ ಅಂತ ತಿಳಿದರೆ ಆಟ ಮುಗಿಯಿತು. ಮೈಯೆಲ್ಲ ಪೆಟ್ಟಾಗಿದ್ದರೂ ಆ ಮನುಷ್ಯ ಆಸ್ಪತ್ರೆಯಲ್ಲಿ ತಾನು ಕುಸ್ತಿಪಟು ಅಂತ ಹೇಳಲಿಲ್ಲ, ಪ್ರಮೋಟರ್ ಅಂತ ಬರೆಸಿದರು. ಊರಲ್ಲಿ ಗುಸುಗುಸು ಶುರುವಾದಾಗ ಅದನ್ನು ಅಡಗಿಸಲು ಎರಡು ವಾರದಲ್ಲಿ ರಿಂಗಿಗೆ ಇಳಿದರು. ವಿಮಾನದಿಂದ ಬಿದ್ದವನು ಎರಡು ವಾರಕ್ಕೆ ಕುಸ್ತಿ ಆಡುತ್ತಾನಾ, ಹಾಗಾದರೆ ಅವನು ಅದರಲ್ಲಿ ಇರಲೇ ಇಲ್ಲ, ಅಂತ ಜನ ಅಂದುಕೊಂಡರು.

ಎಲ್ಲರೂ ಅಷ್ಟು ಹುಷಾರಾಗಿರಲಿಲ್ಲ ಅನ್ನಿ. 1987ರಲ್ಲಿ ನ್ಯೂಜೆರ್ಸಿಯಲ್ಲಿ ಪೊಲೀಸರು ಒಂದು ಕಾರು ನಿಲ್ಲಿಸಿದರು. ಒಳಗೆ ಟಿವಿಯಲ್ಲಿ ಬದ್ಧವೈರಿಗಳಾಗಿದ್ದ ಐರನ್ ಶೇಖ್ ಮತ್ತು ಜಿಮ್ ಡಗನ್ ಜೊತೆಜೊತೆಯಾಗಿ! ಇಬ್ಬರ ಕೆಲಸವೂ ಹೋಯಿತು. ಕಾರಿನಲ್ಲಿ ಸಿಕ್ಕಿದ ಅಮಲು ಪದಾರ್ಥಕ್ಕಿಂತ ಒಂದೇ ಕಾರಿನಲ್ಲಿ ಸಿಕ್ಕಿದ್ದೇ ದೊಡ್ಡ ಹಗರಣವಾಯಿತು. ಐರನ್ ಶೇಖ್ ಇರಾನಿನಿಂದ ಬಂದ ಅಸಲಿ ಕುಸ್ತಿಪಟು. 1972ರ ಒಲಿಂಪಿಕ್ಸ್‌ಗೆ ಅಮೆರಿಕದ ತಂಡದ ಸಹಾಯಕ ಕೋಚ್. ಅದೇ ಅಮೆರಿಕದ ಜನರಿಂದ ಉಗಿಸಿಕೊಳ್ಳುವುದೇ ಆಮೇಲೆ ಅವರ ಕಸುಬಾಯಿತು. ವೋಲ್ಕಾಫ್ ಕಮ್ಯುನಿಸಂ ಆಗದೆ ಯುಗೊಸ್ಲಾವಿಯಾ ಬಿಟ್ಟು ಬಂದವರು. ರಿಂಗಿನಲ್ಲಿ ದಿನಾ ಸೋವಿಯತ್ ರಾಷ್ಟ್ರಗೀತೆ ಹಾಡಿ ಮೈಮೇಲೆ ಕಸ ಎಸೆಸಿಕೊಂಡರು. ತಾವು ಏನನ್ನು ಬಿಟ್ಟು ಓಡಿ ಬಂದರೋ ಅದೇ ವೇಷ ಹಾಕಿ ಹೊಟ್ಟೆ ಹೊರೆದರು. ನಾನೂ ಅವರನ್ನು ಮನಸಾರೆ ಬೈದಿದ್ದೇನೆ. ನನ್ನ ಬೈಗುಳವೇ ಅವರ ಸಂಬಳ ಅಂತ ಆಗ ಗೊತ್ತಿರಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ.

1989ರಲ್ಲಿ ಡಬ್ಲ್ಯೂಡಬ್ಲ್ಯೂಎಫ್ (ಈಗಿನ ಡಬ್ಲ್ಯೂಡಬ್ಲ್ಯೂಇ) ನ್ಯೂಜೆರ್ಸಿ ರಾಜ್ಯದ ಸೆನೆಟ್ ಮುಂದೆ ಹೋಗಿ ಹೇಳಿದ್ದು ನಿಮಗೆ ನೆನಪಿರಬಹುದು. ಇದು ಕ್ರೀಡೆಯಲ್ಲ, ಮನರಂಜನೆ, ಕ್ರೀಡಾ ಆಯೋಗದ ಲೈಸೆನ್ಸು ನಮಗೆ ಬೇಡ, ಪ್ರಸಾರದ ಮೇಲಿನ ತೆರಿಗೆ ಬೇಡ. ಟಿಮ್ ವುಡ್ಸ್ ಮುರಿದ ಮೈ ಹೊತ್ತು ಕಾಪಾಡಿದ ಗುಟ್ಟು ಅದು. ಅದನ್ನು ಒಂದು ತೆರಿಗೆ ಉಳಿಸಲು ಸರ್ಕಾರದ ಮುಂದೆ ಬಿಚ್ಚಿಟ್ಟಿರಿ. ಬಿಚ್ಚಿಟ್ಟಿದ್ದು ತಪ್ಪು ಅನ್ನುವುದಿಲ್ಲ, ಸತ್ಯವನ್ನೇ ಹೇಳಿದಿರಿ. ಆದರೆ ಅವರು ಮನರಂಜನಾ ಕಲಾವಿದರು ಅಂತಾದರೆ, ಕಲಾವಿದರಿಗೆ ಇರುವಂಥ ಸಂಘ ಅವರಿಗೆ ಎಲ್ಲಿದೆ? ಮರುಪ್ರಸಾರವಾದಾಗ ಸಿಗುವ ಹಣ ಎಲ್ಲಿದೆ?

ಅದನ್ನು ಕೇಳಿದರೆ ಬರುವ ಉತ್ತರ ಬೇರೆ. ಅವರು ನೌಕರರೂ ಅಲ್ಲ, ಸ್ವತಂತ್ರ ಗುತ್ತಿಗೆದಾರರು. ಯಾವ ಊರಲ್ಲಿ, ಯಾವ ದಿನ, ಯಾರ ಜೊತೆ, ಯಾವ ಹೆಸರಲ್ಲಿ, ಎಷ್ಟು ನಿಮಿಷ ಆಡಬೇಕು ಅಂತ ನೀವೇ ಹೇಳುವಿರಿ. ಬೇರೆ ಕಡೆ ಆಡಕೂಡದು ಅಂತ ಬರೆಸಿಕೊಳ್ಳುವಿರಿ. ಆದರೂ ಅವರು 'ಸ್ವತಂತ್ರರು'. ಹಾಗಾಗಿ ನೌಕರರಿಗೆ ಸಿಗುವ ಆರೋಗ್ಯ ವಿಮೆ ಇಲ್ಲ, ಪಿಂಚಣಿ ಇಲ್ಲ. ಹಳೆಯ ಕಾಲದವರು ಕಾರಿನ ಬಾಡಿಗೆ, ಹೋಟೆಲ್ ಖರ್ಚು ಎಲ್ಲ ಜೇಬಿನಿಂದಲೇ ಕೊಟ್ಟರು. ತೆರಿಗೆಯ ಮುಂದೆ ಕಲಾವಿದರು, ವಿಮೆಯ ಮುಂದೆ ಗುತ್ತಿಗೆದಾರರು, ಶವಪೆಟ್ಟಿಗೆಯ ಮುಂದೆ ಕುಟುಂಬ. ಒಬ್ಬನೇ ಮನುಷ್ಯ ನಿಮ್ಮ ಅನುಕೂಲಕ್ಕೆ ತಕ್ಕಂತೆ ಮೂರು ವೇಷ ಹಾಕಬೇಕು.

1986ರಲ್ಲಿ, ಎರಡನೇ ರೆಸಲ್‌ಮೇನಿಯಾಗೆ ಮುಂಚೆ, ಕುಸ್ತಿಪಟುವೂ ನಿರೂಪಕರೂ ಆಗಿದ್ದ ಜೆಸ್ಸಿ ವೆಂಚುರಾ ಡ್ರೆಸ್ಸಿಂಗ್ ರೂಮಿನಲ್ಲಿ ಎದ್ದು ನಿಂತು 'ಸಂಘ ಕಟ್ಟೋಣ' ಅಂದರು. ಅದು ಅಲ್ಲಿಗೇ ಮುರಿದುಬಿತ್ತು. ಮಾತನ್ನು ಮಾಲೀಕರಿಗೆ ಮುಟ್ಟಿಸಿದ್ದು ಹಲ್ಕ್ ಹೋಗನ್ ಅಂತ ತಮಗೆ ಆಮೇಲೆ ಕೋರ್ಟ್ ವಿಚಾರಣೆಯ ಹೊತ್ತಲ್ಲಿ ತಿಳಿಯಿತು ಅಂತ ವೆಂಚುರಾ ಹೇಳುತ್ತಾ ಬಂದಿದ್ದಾರೆ. ಹೋಗನ್ ತೀರಿಕೊಂಡಾಗ ನಮ್ಮಲ್ಲಿ ಅನೇಕರಿಗೆ ಅಳುವುದೋ ಬಿಡುವುದೋ ತಿಳಿಯಲಿಲ್ಲ. ಅದಕ್ಕೆ ಇದೂ ಒಂದು ಕಾರಣ. 2015ರಲ್ಲಿ ಹೊರಬಿದ್ದ ಅವರ ಜನಾಂಗೀಯ ಮಾತುಗಳು ಇನ್ನೊಂದು. ಬಾಲ್ಯವನ್ನು ಕೊಟ್ಟವನು ಅದನ್ನು ವಾಪಸ್ ಕಸಿದುಕೊಂಡ ಹಾಗೆ ಅನಿಸುತ್ತದೆ. ಅಂಥ ನೆನಪನ್ನೂ ಇಟ್ಟುಕೊಳ್ಳಲು ನಮಗೆ ಬರುತ್ತದೆ. ನೀವು ಅದನ್ನು ತೊಳೆದು ಇಸ್ತ್ರಿ ಮಾಡಿ ಕೊಡಬೇಕಾಗಿಲ್ಲ. ವೆಂಚುರಾ ಕೊನೆಗೆ ತಮ್ಮ ನಿರೂಪಣೆ ಇದ್ದ ವಿಡಿಯೊಗಳ ರಾಯಲ್ಟಿಗಾಗಿ ಕಂಪನಿಯ ಮೇಲೆ ಕೇಸು ಹಾಕಿದರು. 1994ರಲ್ಲಿ 8 ಲಕ್ಷ ಡಾಲರ್‌ಗೂ ಜಾಸ್ತಿ ಗೆದ್ದರು. ಸಂಘ ಸಿಗದವರು ಕೋರ್ಟಿಗೆ ಹೋಗಬೇಕಾಯಿತು. ಹೋಗಲು ಆಗದವರು ಸುಮ್ಮನಾದರು.

2016ರಲ್ಲಿ 50ಕ್ಕೂ ಹೆಚ್ಚು ಹಳೆಯ ಕುಸ್ತಿಪಟುಗಳು ತಲೆಗೆ ಬಿದ್ದ ಪೆಟ್ಟುಗಳ ಬಗ್ಗೆ ಡಬ್ಲ್ಯೂಡಬ್ಲ್ಯೂಇ ಮೇಲೆ ಕೇಸು ಹಾಕಿದರು. 2018ರಲ್ಲಿ ಅದು ವಜಾ ಆಯಿತು. ಒಂದು ಮುಖ್ಯ ಕಾರಣ, ಕಾಲಮಿತಿ ಮೀರಿತ್ತು. ಕಾನೂನಿನ ಪ್ರಕಾರ ಸರಿ ಇರಬಹುದು, ತೀರ್ಪನ್ನು ನಾನು ಪ್ರಶ್ನಿಸುವುದಿಲ್ಲ. ಆದರೆ ಕುಟುಂಬದಲ್ಲಿ ಕಾಲಮಿತಿ ಅಂತ ಒಂದು ಇರುತ್ತದಾ?

ಕುಸ್ತಿಪಟು ರಾಡಿ ಪೈಪರ್ ಮಾತು ಹೇಳದೆ ಮುಂದೆ ಹೋಗಲಾರೆ. 2003ರಲ್ಲಿ ಒಂದು ಟಿವಿ ಸಂದರ್ಶನದಲ್ಲಿ ಅವರನ್ನು ಕೇಳಿದರು, ಮತ್ತೆ ಯಾಕೆ ರಿಂಗಿಗೆ ಬಂದಿರಿ ಅಂತ. ತಮ್ಮ ಪಿಂಚಣಿಯ ಹಣ 65 ತುಂಬುವ ತನಕ ಕೈಗೆ ಸಿಗುವುದಿಲ್ಲ, ತಾನು 65ರ ತನಕ ಬದುಕುವುದಿಲ್ಲ, ಅಂದರು. ಲೆಕ್ಕ ಹೇಳಿದ ಹಾಗೆ ಹೇಳಿದರು, ದನಿಯಲ್ಲಿ ದುಃಖವೂ ಇರಲಿಲ್ಲ. 2015ರ ಜುಲೈ 31ರಂದು ಹೋದರು. 61 ಆಗಿತ್ತು.

ನಾನು ಕಣ್ಣಾರೆ ಕಂಡದ್ದೂ ಒಂದಿದೆ. ಕೆಲವು ವರ್ಷಗಳ ಹಿಂದೆ ಕೆಲಸದ ಮೇಲೆ ಅಮೆರಿಕಕ್ಕೆ ಹೋಗಿದ್ದೆ. ಒಂದು ಹೋಟೆಲಿನ ಸಭಾಂಗಣದಲ್ಲಿ ಹಳೆಯ ಕುಸ್ತಿಪಟುಗಳ ಮೇಳ ಇದೆ ಅಂತ ಗೊತ್ತಾಯಿತು. ಓಡಿದೆ. ಒಳಗೆ ಮಡಚುವ ಮೇಜುಗಳ ಸಾಲು. ಒಂದೊಂದು ಮೇಜಿನ ಹಿಂದೆ ಒಬ್ಬೊಬ್ಬರು, ಮುಂದೆ ಹರಡಿದ ಫೋಟೊಗಳು, ಪಕ್ಕದಲ್ಲಿ ಚಿಲ್ಲರೆ ಡಬ್ಬಿ. ದೊಡ್ಡ ಹೆಸರುಗಳ ಮುಂದೆ ಸಾಲು ಬಾಗಿಲ ತನಕ ಇತ್ತು. ಮೂಲೆಯ ಮೇಜಿನ ಮುಂದೆ ಯಾರೂ ಇರಲಿಲ್ಲ. ಅವರನ್ನು ನಾನು ದೂರದಿಂದಲೇ ಗುರುತು ಹಿಡಿದೆ. ಹೆಸರು ಇಲ್ಲಿ ಬರೆಯುವುದಿಲ್ಲ, ಅವರ ಅನುಮತಿ ಕೇಳಿಲ್ಲ. ವಾರವಾರ ಟಿವಿಯಲ್ಲಿ ಸ್ಟಾರ್‌ಗಳಿಗೆ ಸೋಲುವುದೇ ಅವರ ಕೆಲಸವಾಗಿತ್ತು. ಎದ್ದು ನಿಲ್ಲಲು ಮೇಜು ಹಿಡಿದುಕೊಂಡರು. ಸೊಂಟ ಎರಡು ಸಲ ಬದಲಾಗಿದೆ ಅಂದರು. ಕೈ ಕುಲುಕಿದಾಗ ಅವರ ಹಿಡಿತ ಹೂವಿನಷ್ಟು ಹಗುರವಾಗಿತ್ತು. ಹಳೆಯ ಕುಸ್ತಿಪಟುಗಳು ಹಾಗೇ ಕೈ ಕೊಡುತ್ತಾರಂತೆ. ರಿಂಗಿನಲ್ಲಿ ನಿನ್ನ ಮೈ ಹುಷಾರಾಗಿ ನೋಡಿಕೊಳ್ಳುತ್ತೇನೆ ಅಂತ ಅದರ ಅರ್ಥ.

ಅವರ ಒಂದು ಪಂದ್ಯದ ನೆನಪು ಹೇಳಿದೆ. ಒಬ್ಬ ಚಾಂಪಿಯನ್ ಜೊತೆ ಹನ್ನೆರಡು ನಿಮಿಷ ಸರಿಸಮನಾಗಿ ಆಡಿ ಕೊನೆಗೆ ಸೋತಿದ್ದರು. ಅವರ ಕಣ್ಣು ದೊಡ್ಡದಾಯಿತು. 'ಅದು ನಿನಗೆ ನೆನಪಿದೆಯಾ?' ಅಂದರು. ಆಮೇಲೆ ಮೆಲ್ಲಗೆ, ಪಕ್ಕದವರಿಗೆ ಕೇಳಿಸದ ಹಾಗೆ, 'ಅದರ ಟೇಪ್ ನಿನ್ನ ಹತ್ತಿರ ಇದೆಯಾ? ನಾನು ಅದನ್ನು ನೋಡೇ ಇಲ್ಲ' ಅಂದರು.

ಮಾನ್ಯರೇ, ತನ್ನ ಬದುಕಿನ ಅತ್ಯುತ್ತಮ ಹನ್ನೆರಡು ನಿಮಿಷವನ್ನು ಆ ಮನುಷ್ಯ ನೋಡಿಲ್ಲ. ಅವತ್ತು ರಾತ್ರಿ ಪಂದ್ಯ ಮುಗಿಸಿ ಮುಂದಿನ ಊರಿಗೆ ಕಾರು ಓಡಿಸಿಕೊಂಡು ಹೋದರು. ಟೇಪ್ ಕಂಪನಿಯದು. ಆ ಕಂಪನಿಯನ್ನು ಇನ್ನೊಂದು ಕಂಪನಿ ಕೊಂಡಿತು. ಈಗ ಅದು ಯಾವುದೋ ತಣ್ಣನೆಯ ಕೋಣೆಯಲ್ಲಿ ಸಂಖ್ಯೆ ಹಚ್ಚಿಸಿಕೊಂಡು ಕೂತಿದೆ.

ಆ ಕೋಣೆಯ ಬಗ್ಗೆ ನಮಗೆ ತಕ್ಕಮಟ್ಟಿಗೆ ಗೊತ್ತು. 2001ರಲ್ಲಿ ಡಬ್ಲ್ಯೂಸಿಡಬ್ಲ್ಯೂ ಎಂಬ ಕಂಪನಿ ಮಾರಾಟವಾದಾಗ ಅದರ ಟೇಪುಗಳೂ ಹೋದವು. ಎಡಬ್ಲ್ಯೂಎ, ಇಸಿಡಬ್ಲ್ಯೂ, ಟೆಕ್ಸಸ್‌ನ ವರ್ಲ್ಡ್ ಕ್ಲಾಸ್, ಬಿಲ್ ವಾಟ್ಸ್‌ನ ಮಿಡ್-ಸೌತ್, ಈ ಹಳೆಯ ಕಂಪನಿಗಳ ಟೇಪುಗಳೆಲ್ಲ ಡಬ್ಲ್ಯೂಡಬ್ಲ್ಯೂಇ ಎಂಬ ಒಂದೇ ಮನೆ ಸೇರಿವೆ. ಸೇರಿದ್ದು ಒಳ್ಳೆಯದೇ ಆಯಿತು ಅಂತ ನಾನು ಪ್ರಾಮಾಣಿಕವಾಗಿ ನಂಬುತ್ತೇನೆ. ಯಾಕೆಂದರೆ ಹಳೆಯ ಸ್ಟುಡಿಯೊಗಳು ಖರ್ಚು ಉಳಿಸಲು ಒಂದೇ ಟೇಪಿನ ಮೇಲೆ ಮತ್ತೆ ಮತ್ತೆ ರೆಕಾರ್ಡ್ ಮಾಡುತ್ತಿದ್ದವು. ಹಾಗೆ ಅಳಿಸಿಹೋದದ್ದಕ್ಕೆ ಲೆಕ್ಕವಿಲ್ಲ. ಉಳಿದದ್ದರಲ್ಲಿ ಎಷ್ಟೋ ಉಳಿದದ್ದು ನಮ್ಮಂಥ ಹುಚ್ಚರಿಂದ. ಟಿವಿಯಿಂದ ಕ್ಯಾಸೆಟ್ಟಿಗೆ, ಕ್ಯಾಸೆಟ್ಟಿನಿಂದ ಇನ್ನೊಂದು ಕ್ಯಾಸೆಟ್ಟಿಗೆ, ಅಂಚೆಯಲ್ಲಿ ಹಂಚಿಕೊಂಡೆವು. ಐದನೇ ಪ್ರತಿಯಲ್ಲಿ ಮುಖ ಕಾಣುತ್ತಿರಲಿಲ್ಲ. ಆದರೂ ನಡಿಗೆ ನೋಡಿ ಇದು ಫಂಕ್, ಇದು ಹಾರ್ಲಿ ರೇಸ್ ಅಂತ ಹೇಳುತ್ತಿದ್ದೆವು.

ನೀವು ಏನೂ ಮಾಡಿಲ್ಲ ಅಂದರೆ ಅನ್ಯಾಯವಾಗುತ್ತದೆ. 2005ರಲ್ಲಿ ಕುಸ್ತಿಪಟು ಎಡ್ಡಿ ಗೆರೆರೊ ತೀರಿಕೊಂಡ ಮೇಲೆ ಔಷಧ ಮತ್ತು ಹೃದಯದ ತಪಾಸಣೆಯ ಕಾರ್ಯಕ್ರಮ ಬಂತು. ಹಿಂದೆ ಒಪ್ಪಂದದಲ್ಲಿದ್ದ ಯಾರಿಗೇ ಆಗಲಿ ವ್ಯಸನಮುಕ್ತಿಯ ಖರ್ಚನ್ನು ಡಬ್ಲ್ಯೂಡಬ್ಲ್ಯೂಇ ಕೊಡುತ್ತದೆ. ಅದರಿಂದ ಬದುಕಿದವರಿದ್ದಾರೆ. ರಿಂಗಿನಲ್ಲಿ ಆದ ಗಾಯದ ಶಸ್ತ್ರಚಿಕಿತ್ಸೆಗೂ ಹಣ ಕೊಡುತ್ತೀರಿ. 2009ರಲ್ಲಿ ಫಂಕ್ ಸಹೋದರರನ್ನು ಹಾಲ್ ಆಫ್ ಫೇಮ್‌ಗೆ ಕರೆದಿರಿ. ತಮ್ಮ ಹಳೆಯ ಜೊತೆಗಾರ ಡಸ್ಟಿ ರೋಡ್ಸ್ ಕೈಯಿಂದಲೇ ಆ ಗೌರವ ಪಡೆದರು. 2024ರಿಂದ ಹಳೆಯ ಪಂದ್ಯಗಳನ್ನು ಯೂಟ್ಯೂಬ್‌ನಲ್ಲಿ ಪುಕ್ಕಟೆ ಹಾಕುತ್ತಿದ್ದೀರಿ. ಅದಕ್ಕೆ ಕೈ ಮುಗಿಯುತ್ತೇನೆ.

ಆದರೆ ವ್ಯಸನಕ್ಕೆ ಇರುವ ಸಹಾಯ ಸೊಂಟಕ್ಕಿಲ್ಲ, ಮೊಣಕಾಲಿಗಿಲ್ಲ, ಮರೆವಿಗಿಲ್ಲ. ಇವತ್ತು ಆ ಭಾರ ಹೊರುತ್ತಿರುವುದು ಯಾರು? 1965ರಲ್ಲಿ ಕುಸ್ತಿಪಟು ಮೈಕ್ ಮಜುರ್ಕಿ ಶುರುಮಾಡಿದ ಕಾಲಿಫ್ಲವರ್ ಆ್ಯಲಿ ಕ್ಲಬ್. ಸದಸ್ಯರ ಚಂದಾ, ವರ್ಷಕ್ಕೊಂದು ಊಟದ ಸಭೆ, ದಾನ. ಅದರಲ್ಲೇ ಕಷ್ಟದಲ್ಲಿರುವ ಹಳಬರಿಗೆ ಸಹಾಯ ಮಾಡುತ್ತಾರೆ. ಕೊಡುವವರಲ್ಲಿ ಅರ್ಧ ಜನ ತಾವೇ ಊರುಗೋಲು ಹಿಡಿದವರು. ನಿಮ್ಮ ವಹಿವಾಟು ಈಗ ನೂರಾರು ಕೋಟಿ ಡಾಲರ್‌ಗಳದ್ದು. ಆ ಊರುಗೋಲು ಹಿಡಿದವರ ಜೇಬಿಗೆ ನಿಮ್ಮ ಜವಾಬ್ದಾರಿ ಬಿಟ್ಟಿರುವುದು ನಿಮಗೆ ಒಂಥರಾ ಅನಿಸುವುದಿಲ್ಲವಾ?

ಆದ್ದರಿಂದ ನನ್ನ ಮೊದಲ ಬೇಡಿಕೆ ಹಣದ್ದೇ, ಮುಚ್ಚುಮರೆ ಇಲ್ಲ. ನಿಮ್ಮ ಟೇಪುಗಳಲ್ಲಿ ಮುಖ ಕಾಣುವ ಪ್ರತಿಯೊಬ್ಬರಿಗೂ, ಅವರು ಯಾವ ಹಳೆಯ ಕಂಪನಿಯಲ್ಲಿ ಆಡಿದ್ದರೂ ಸರಿ, ಒಂದು ವೈದ್ಯಕೀಯ ನಿಧಿ ಮಾಡಿ. ಟೇಪ್ ಕೊಳ್ಳುವಾಗ ಅವರ ಕುಸ್ತಿಯನ್ನು ಕೊಂಡಿರಿ. ಅದರ ಜೊತೆ ಅವರ ಮೊಣಕಾಲನ್ನೂ ಕೊಂಡಿರಿ ಅಂದುಕೊಳ್ಳಿ. ಹಳೆಯ ಪಂದ್ಯದಿಂದ ಜಾಹೀರಾತಿನ ಹಣ ಬಂದರೆ ಅದರಲ್ಲಿ ಸಣ್ಣ ಪಾಲಾದರೂ ಆಡಿದವರಿಗೆ ಹೋಗಲಿ. ಗೆದ್ದವನಿಗೆ ಮಾತ್ರ ಅಲ್ಲ, ಸೋತವನಿಗೂ. ಮೊದಲ ರೆಸಲ್‌ಮೇನಿಯಾದಲ್ಲಿ ಎಸ್. ಡಿ. ಜೋನ್ಸ್ ಕಿಂಗ್ ಕಾಂಗ್ ಬಂಡಿಗೆ 9 ಸೆಕೆಂಡಿನಲ್ಲಿ ಸೋತರು ಅಂತ ಘೋಷಿಸಿದಿರಿ. ಗಡಿಯಾರ ಇಟ್ಟು ನೋಡಿ, ಇಪ್ಪತ್ತು ಸೆಕೆಂಡಿಗೂ ಜಾಸ್ತಿ ಇದೆ. ಬಂಡಿ ರಾಕ್ಷಸನ ಹಾಗೆ ಕಾಣಲಿ ಅಂತ ಜೋನ್ಸ್ ತನ್ನ ಆ ಸೆಕೆಂಡುಗಳನ್ನೂ ಬಿಟ್ಟುಕೊಟ್ಟರು. 2008ರಲ್ಲಿ ತೀರಿಕೊಂಡರು. ಅಂಥವರಿಲ್ಲದೆ ನಿಮಗೆ ಒಬ್ಬ ಸ್ಟಾರ್ ಕೂಡ ಇರುತ್ತಿರಲಿಲ್ಲ.

ಎರಡನೆಯದು ಆ ಕೋಣೆಯ ಬೀಗ. ಎಲ್ಲವನ್ನೂ ಚಂದ ಮಾಡಿ ಬಿಡುಗಡೆ ಮಾಡಿ ಅನ್ನುತ್ತಿಲ್ಲ. ಒಂದು ವೇದಿಕೆಯಿಂದ ಇನ್ನೊಂದಕ್ಕೆ ನೀವು ಹೋದಾಗಲೆಲ್ಲ ಹಳೆಯ ಕಾರ್ಯಕ್ರಮಗಳು ಸದ್ದಿಲ್ಲದೆ ಕಾಣೆಯಾಗುತ್ತವೆ. ಏನೇನು ಇದೆ ಅಂತ ಒಂದು ಪಟ್ಟಿಯನ್ನಾದರೂ ಪ್ರಕಟಿಸಿ. ತಾರೀಕು, ಊರು, ಆಡಿದವರ ಹೆಸರು, ಅಷ್ಟು ಸಾಕು. ಸಂಶೋಧಕರಿಗೆ, ಮಕ್ಕಳು ಮೊಮ್ಮಕ್ಕಳಿಗೆ ಕೇಳಲು ಒಂದು ದಾರಿ ಇರಲಿ. ಹೆಸರು ಗೊತ್ತಿಲ್ಲದ ಮುಖಗಳಿದ್ದರೆ ನಮ್ಮನ್ನು ಕೇಳಿ. ಸಂಬಳ ಬೇಡ, ಗುರುತು ಹಿಡಿದು ಕೊಡುತ್ತೇವೆ.

ಇನ್ನು ಮೂರು ನಿಮಿಷದ ವಿಡಿಯೊ. ಅದರಲ್ಲಿ ನಿಮ್ಮ ರಿಂಗಿನಲ್ಲಿ ಆಡಿದ್ದನ್ನೇ ತುಂಬಬೇಡಿ. ಟೆರಿ ಫಂಕ್ ಬದುಕಿನ ಬಹುಪಾಲು ನಡೆದದ್ದು ಅಮರಿಲೊ, ಫ್ಲಾರಿಡಾ, ಜಪಾನ್‌ಗಳಲ್ಲಿ. ಅಲ್ಲಿನ ಟೇಪ್ ನಿಮ್ಮ ಹತ್ತಿರ ಇಲ್ಲದಿದ್ದರೆ ಇದ್ದವರನ್ನು ಕೇಳಿ ತನ್ನಿ. ಕೊಡುತ್ತಾರೆ.

ಕೊನೆಯದು ತುಂಬಾ ಚಿಕ್ಕದು, ಖರ್ಚೂ ಕಡಿಮೆ. ಆ ಮೇಳದಿಂದ ವಾಪಸ್ ಬಂದವನೇ ನನ್ನ ಹಳೆಯ ಕ್ಯಾಸೆಟ್ಟುಗಳನ್ನೆಲ್ಲ ಅಟ್ಟದಿಂದ ಇಳಿಸಿದೆ. ಆ ಪಂದ್ಯ ಸಿಕ್ಕಿತು, ಆದರೆ ಬೂಷ್ಟು ಹಿಡಿದಿತ್ತು. ಏಳು ನಿಮಿಷದ ತನಕ ಓಡುತ್ತದೆ, ಆಮೇಲೆ ಬರೀ ಗೆರೆಗಳು. ಅವರು ಚಾಂಪಿಯನ್‌ನನ್ನು ಮೇಲೆತ್ತಿ ಕೆಡವಿದ ಕ್ಷಣ, ನನಗೆ ಚೆನ್ನಾಗಿ ನೆನಪಿರುವ ಹಾಗೆ, ಒಂಬತ್ತನೇ ನಿಮಿಷದ ಹತ್ತಿರ ಬರುತ್ತದೆ. ಉಳಿದ ಐದು ನಿಮಿಷ ನಿಮ್ಮ ಕೋಣೆಯಲ್ಲಿದೆ. ಅವರು ಇನ್ನೂ ಬದುಕಿದ್ದಾರೆ. ದಯವಿಟ್ಟು ಅದರ ಒಂದು ಪ್ರತಿ ಮಾಡಿ ಅವರಿಗೆ ಕಳಿಸಿಕೊಡಿ.

ಹೆಸರು ಹೇಳದೆ ಯಾರಿಗೆ ಅಂತ ಕಳಿಸುವುದು ಅಂತ ನೀವು ಕೇಳಬಹುದು. ನಿಮ್ಮ ಹಳೆಯ ಸಂಬಳದ ಪಟ್ಟಿ ತೆಗೆಯಿರಿ. ಅದರಲ್ಲಿ ಇನ್ನೂ ಬದುಕಿರುವವರಿಗೆಲ್ಲ ಅವರವರ ಒಂದೊಂದು ಪಂದ್ಯ ಕಳಿಸಿಬಿಡಿ. ನಾನು ಹೇಳುತ್ತಿರುವವರಿಗೂ ಅದರಲ್ಲೇ ಸಿಗುತ್ತದೆ.

ಇಂತಿ,
ಮೂಲೆಯ ಮೇಜಿನ ಮುಂದೆ ನಿಂತಿದ್ದ ಒಬ್ಬ ಅಭಿಮಾನಿ